ಕುಂಟುಬೆಕ್ಕಿನ ವರ್ಷ

ಒಂದು ಕಾಡಿನಲ್ಲಿ ಒಂದು ಹೊಳೆ ಹರಿಯುತ್ತಿತ್ತು. ಅದು ಕೆಂಪು ಬಂಡೆಯ ಗುಡ್ಡವನ್ನು ಸೀಳಿಕೊಂಡು ಆಳವಾದ ಕಮರಿ ಮಾಡಿಕೊಂಡಿತ್ತು. ಒಳಗೆ ನಿಂತು ಕತ್ತೆತ್ತಿದರೆ ಆಕಾಶ ಸೀರೆಯ ಅಂಚಿನಷ್ಟೇ ಕಾಣುತ್ತಿತ್ತು. ಅಂಥ ಕಮರಿ ಸುತ್ತಮುತ್ತಲ ಯಾವ ಕಾಡಿಗೂ ಇರಲಿಲ್ಲ. ಅದಕ್ಕೇ ಅಲ್ಲಿನ ಪ್ರಾಣಿಗಳಿಗೆ ಸ್ವಲ್ಪ ಜಂಬ. ಇರಲಿ ಬಿಡಿ, ಇದ್ದದ್ದಕ್ಕೆ ಜಂಬಪಟ್ಟರೆ ತಪ್ಪೇನು?

ಪ್ರತಿ ಬೇಸಿಗೆಯಲ್ಲಿ ಹೊಳೆ ಇಳಿದಾಗ ಒಂದು ತಂಡ ಕಮರಿ ನೋಡಲು ಹೊರಡುತ್ತಿತ್ತು. ಕೆಳಗಿನ ಬಾಯಿಯಿಂದ ಒಳಹೊಕ್ಕು, ಬಂಡೆ ಹತ್ತಿ, ಮರಳು ದಾಟಿ, ಮೇಲಿನ ಬಾಯಿಯಿಂದ ಹೊರಬರಬೇಕು. ಅಲ್ಲೊಂದು ಚಪ್ಪಟೆ ಬಂಡೆ ಇತ್ತು. ಅದನ್ನು ಹೊಸ್ತಿಲು ಬಂಡೆ ಎನ್ನುತ್ತಿದ್ದರು. ಅದರ ಮೇಲೆ ಮೊದಲು ಕಾಲಿಟ್ಟವರ ಹೆಸರನ್ನೇ ಆ ವರ್ಷಕ್ಕೆ ಇಡುತ್ತಿದ್ದರು. ಕಾಡಿಗೆ ಕಾಡೇ ಅಲ್ಲಿ ಕಾದು ನಿಂತು ಆ ಹೆಸರು ಕೂಗುತ್ತಿತ್ತು.

ಈ ಪಯಣಕ್ಕೆ ಒಂದು ಕಟ್ಟಳೆ ಇತ್ತು. ತಂಡದಲ್ಲಿ ಎಲ್ಲರಿಗಿಂತ ನಿಧಾನ ಯಾರೋ ಅವರು ಎಲ್ಲರಿಗಿಂತ ಮುಂದೆ ನಡೆಯಬೇಕು. ಎಲ್ಲರಿಗಿಂತ ಚುರುಕಾದವರು ಕೊನೆಗೆ. ಯಾಕೆ ಅಂತೀರಾ? ಮುಂದೆ ಓಡುವವನಿಗೆ ಬೆನ್ನಲ್ಲಿ ಕಣ್ಣಿಲ್ಲ. ಹಿಂದೆ ಯಾರು ಬಿದ್ದರು, ಯಾರು ಉಳಿದರು ಎಂದು ಅವನಿಗೆ ಗೊತ್ತೇ ಆಗುವುದಿಲ್ಲ. ನಿಧಾನದವರು ಮುಂದಿದ್ದರೆ ಎಲ್ಲರ ಕಣ್ಣಿಗೂ ಬೀಳುತ್ತಲೇ ಇರುತ್ತಾರೆ. ಹೀಗಾಗಿ ಒಂದು ವರ್ಷ ಬಸವನಹುಳುವಿನ ವರ್ಷ ಆಗಿತ್ತು, ಇನ್ನೊಂದು ಮುದಿ ಕಡವೆಯ ವರ್ಷ. ಕಮರಿಯಲ್ಲಿ ಅದುವರೆಗೆ ಒಬ್ಬರನ್ನೂ ಕಳೆದುಕೊಂಡಿರಲಿಲ್ಲ. ಕಾಡಿನ ನಿಜವಾದ ಹೆಮ್ಮೆ ಅದು.

ಆ ಬೇಸಿಗೆ ನಾಲ್ವರು ಹೊರಟರು. ಎಲ್ಲರಿಗಿಂತ ಮುಂದೆ ಚುಕ್ಕವ್ವ ಎಂಬ ನಕ್ಷತ್ರ ಆಮೆ. ಅವಳು ನೆಲದ ಆಮೆ, ಈಜು ಬಾರದು. ಹೊಳೆಗೆ ಬಿದ್ದರೆ ಕಥೆ ಮುಗಿಯಿತು. ಅವಳ ಕುಲದಲ್ಲಿ ಯಾರೂ ಕಮರಿಗೆ ಕಾಲಿಟ್ಟಿರಲಿಲ್ಲ. "ನಮ್ಮವರ ಹೆಸರೂ ಒಂದು ವರ್ಷಕ್ಕೆ ಇರಲಿ" ಎಂದು ಧೈರ್ಯ ಮಾಡಿ ಬಂದಿದ್ದಳು. ಅವಳ ಹಿಂದೆ ಮುಳ್ಳುಹಂದಿ ಸೂಜಪ್ಪ, ತಂಡದ ಹಿರಿಯ. ಅವನ ಹಿಂದೆ ಜಿಗ್ಗಿ ಎಂಬ ಮೊಲ. ಕಟ್ಟಕಡೆಗೆ ಕಾಡುಬೆಕ್ಕು ಬಿಂಕಣ್ಣ.

ಬಿಂಕಣ್ಣನಿಗೆ ಹೊಟ್ಟೆಯೊಳಗೆ ಉರಿ. 'ನಾನು ನಾಲ್ಕು ನೆಗೆತಕ್ಕೆ ಮುಟ್ಟುವ ದಾರಿ ಇದು. ಬೆಳಗಿನಿಂದ ಇವಳ ಹಿಂದೆ ತೆವಳುತ್ತಿದ್ದೇನೆ. ಕೊನೆಗೆ ಹೆಸರು ಮಾತ್ರ ಇವಳಿಗೆ' ಎಂದು ಒಳಗೊಳಗೇ ಕುದಿಯುತ್ತಿದ್ದ.

ಮಧ್ಯಾಹ್ನ ಸೂಜಪ್ಪ ಮತ್ತು ಜಿಗ್ಗಿ ದಾರಿಯಲ್ಲೇ ನಿಂತು ನೀರು ಕುಡಿಯುತ್ತಿದ್ದರು. ಚುಕ್ಕವ್ವ ಸ್ವಲ್ಪ ಮುಂದೆ, ತಿರುವಿನ ಆಚೆ ಇದ್ದಳು. ಬಿಂಕಣ್ಣ ಮೆಲ್ಲಗೆ ಅವಳ ಹತ್ತಿರ ಹೋದ.

"ಚುಕ್ಕವ್ವ, ಆ ಬಂಡೆಯ ಸಂದಿಯಲ್ಲಿ ಪಾಪಾಸುಕಳ್ಳಿ ಹಣ್ಣು ಕೆಂಪಗೆ ಮಾಗಿದೆ. ಎಷ್ಟು ದಣಿದಿದ್ದೀಯ, ಹೋಗಿ ತಿಂದು ಬಾ. ನಾವು ಇಲ್ಲೇ ಕಾಯುತ್ತೇವೆ."

"ನೀನು ಒಳ್ಳೆಯವನಪ್ಪ" ಎಂದು ಚುಕ್ಕವ್ವ ಸಂದಿಯೊಳಗೆ ಹೋದಳು.

ಬಿಂಕಣ್ಣ ಮುಖ ಸಪ್ಪಗೆ ಮಾಡಿಕೊಂಡು ವಾಪಸ್ ಬಂದ. ಬರುವಾಗ ಒಂದು ಕಾಲು ಎಳೆಯುತ್ತಿದ್ದ.

"ಚುಕ್ಕವ್ವನಿಗೆ ಸಾಕಾಯಿತಂತೆ. ಮನೆಗೆ ಹೊರಟುಹೋದಳು. ನಿಮಗೆ ಹೇಳಲು ನಾಚಿಕೆಯಂತೆ. ಅವಳನ್ನು ತಡೆಯಲು ಹೋಗಿ ನನ್ನ ಕಾಲು ಉಳುಕಿತು ನೋಡಿ, ಅಯ್ಯಪ್ಪಾ."

ಸೂಜಪ್ಪ ಅವನ ಕಾಲನ್ನೇ ನೋಡಿದ. "ಹಾಗಾದರೆ ಈಗ ನೀನೇ ನಿಧಾನ. ನೀನೇ ಮುಂದೆ ನಡಿ" ಎಂದ.

ಬಿಂಕಣ್ಣನಿಗೆ ಬೇಕಾದದ್ದೂ ಅದೇ. ಕುಂಟುತ್ತಾ ಕುಂಟುತ್ತಾ ಮುಂದಿನ ತಿರುವು ದಾಟಿದ. ದಾಟಿದ್ದೇ ತಡ, ಕುಂಟು ಎಲ್ಲಿ ಹೋಯಿತೋ ಏನೋ, ಕಾಲಿಗೆ ಬುದ್ಧಿ ಹೇಳಿದ.

ಇತ್ತ ಸೂಜಪ್ಪ ನಡೆಯುತ್ತಾ ನಡೆಯುತ್ತಾ ನಿಂತುಬಿಟ್ಟ. "ಜಿಗ್ಗಿ, ಚುಕ್ಕವ್ವ ನಮಗಿಂತ ಮುಂದೆ ಇದ್ದಳು. ನಾವು ದಾರಿಯಲ್ಲೇ ನಿಂತಿದ್ದೆವು. ಮನೆಗೆ ಹೋಗಿದ್ದರೆ ನಮ್ಮನ್ನು ದಾಟಿಕೊಂಡೇ ಹೋಗಬೇಕಿತ್ತಲ್ಲವೇ?"

ಜಿಗ್ಗಿಯ ಕಿವಿ ನೆಟ್ಟಗಾಯಿತು. ಇಬ್ಬರೂ ಬಂದ ದಾರಿಯಲ್ಲೇ ಓಡಿದರು.

ಚುಕ್ಕವ್ವ ಹಣ್ಣು ತಿಂದು, ಬಾಯಿ ಕೆಂಪಗೆ ಮಾಡಿಕೊಂಡು ಹೊರಗೆ ಬಂದಾಗ ಅಲ್ಲಿ ಯಾರೂ ಇರಲಿಲ್ಲ. ಅವಳಿಗೆ ಅಳುವೇ ಬಂತು. ತಿರುಗಿ ಹೋಗೋಣವೆಂದರೆ ಆಮೆಗೆ ಅಲ್ಲೇ ತಿರುಗುವುದೇ ದೊಡ್ಡ ಕೆಲಸ. 'ತಿರುಗುವ ಹೊತ್ತಿಗೆ ನಾಲ್ಕು ಹೆಜ್ಜೆ ಮುಂದೆ ಇಡಬಹುದು' ಎಂದುಕೊಂಡು ಒಬ್ಬಳೇ ಮುಂದೆ ನಡೆದಳು. ಅಷ್ಟರಲ್ಲಿ ಎದುರಿಗೆ ಸೂಜಪ್ಪ, ಜಿಗ್ಗಿ ಬಂದರು.

"ನೀನು ಮನೆಗೆ ಹೋದೆ ಅಂದರಲ್ಲ ತಾಯಿ" ಎಂದ ಸೂಜಪ್ಪ.

"ಯಾರು ಅಂದದ್ದು? ನೀವು ಕಾಯುತ್ತೀರಿ ಅಂತ ಬಿಂಕಣ್ಣ ಹೇಳಿದ್ದ."

ಸೂಜಪ್ಪನ ಮುಳ್ಳೆಲ್ಲ ನಿಮಿರಿತು. ಮಾತು ಬೆಳೆಸದೆ ಚುಕ್ಕವ್ವನನ್ನು ಮುಂದೆ ಬಿಟ್ಟು ಹೊರಟರು.

ಹೊಸ್ತಿಲು ಬಂಡೆ ಇನ್ನೇನು ಕಾಣಬೇಕು ಅನ್ನುವಷ್ಟರಲ್ಲಿ ಬಿಂಕಣ್ಣ ಪಾಚಿಯ ಮೇಲೆ ಕಾಲಿಟ್ಟ. ಜಾರಿ ಒಂದು ಗುಂಡಿಗೆ ಬಿದ್ದ. ಹೊಳೆಯ ಸುಳಿ ಕೊರೆದ ಗುಂಡಿ ಅದು, ಒರಳುಕಲ್ಲಿನ ಹಾಗೆ ನುಣ್ಣಗಿತ್ತು. ಎಲ್ಲಿ ಉಗುರು ಹಾಕಿದರೂ ಹಿಡಿತ ಸಿಗಲಿಲ್ಲ. ಅವನ ಮುಂಗಾಲು ಈ ಸಲ ನಿಜವಾಗಿಯೂ ಉಳುಕಿತ್ತು.

ಸಂಜೆಯ ಹೊತ್ತಿಗೆ ದೂರದ ಗುಡ್ಡದಲ್ಲಿ ಗುಡುಗಿತು. ಸ್ವಲ್ಪ ಹೊತ್ತಿಗೆ ತಿಳಿಯಾಗಿದ್ದ ಹೊಳೆ ಕೆಂಪಗಾಯಿತು, ಗುಂಡಿಯೊಳಗೆ ನೀರು ಜಿನುಗತೊಡಗಿತು. ಮೇಲೆ ಎಲ್ಲೋ ಮಳೆ ಬಿದ್ದಿದೆ, ಪ್ರವಾಹ ಬಂದರೆ ಬಂಡೆಗೆ ಬಡಿದು ಸಾಯುತ್ತೇನೆ ಎಂದು ಬಿಂಕಣ್ಣನಿಗೆ ಅರ್ಥವಾಯಿತು. ಗಂಟಲು ಹರಿಯುವಂತೆ ಕೂಗಿದ. ಯಾರು ಬರಬೇಕು? ಹಿಂದೆ ಇರಬೇಕಾದವರನ್ನು ಅವನೇ ಬಿಟ್ಟು ಬಂದಿದ್ದ. ಕೂಗಿ ಕೂಗಿ ಅವನ ದನಿಯೂ ಬಿದ್ದುಹೋಯಿತು.

ತಂಡ ಆ ಜಾಗಕ್ಕೆ ಬಂದಾಗ ಸೂಜಪ್ಪ, ಜಿಗ್ಗಿ ಇಬ್ಬರ ಕಣ್ಣೂ ಮೇಲಿನ ಬಂಡೆಗಳ ಕಡೆಗಿತ್ತು. ಚುಕ್ಕವ್ವನ ಮೂತಿ ನೆಲದ ಹತ್ತಿರವೇ ಇತ್ತು. ಅವಳು ನಿಂತಳು.

"ನೆಲದೊಳಗಿಂದ ಯಾರೋ ನರಳುತ್ತಿದ್ದಾರೆ" ಎಂದಳು.

ಜಿಗ್ಗಿ ಗುಂಡಿಗೆ ಇಣುಕಿ ನೋಡಿ ಮೂಗು ಮುರಿದಳು. "ಬಿಟ್ಟು ಹೋಗೋಣ. ಇವನು ನಿನ್ನನ್ನು ಬಿಟ್ಟು ಬಂದವನಲ್ಲವೇ?"

"ಕಮರಿಯಲ್ಲಿ ಒಬ್ಬರನ್ನೂ ಕಳೆದುಕೊಂಡವರಲ್ಲ ನಾವು" ಎಂದಳು ಚುಕ್ಕವ್ವ. "ನನ್ನ ಹೆಸರಿನ ವರ್ಷದಲ್ಲಿ ಅದು ಶುರುವಾಗುವುದು ಬೇಡ."

ಹಳೆಯ ಪ್ರವಾಹದಲ್ಲಿ ತೇಲಿಬಂದ ಒಣ ಕೊಂಬೆಯೊಂದು ಅಲ್ಲೇ ಸಿಕ್ಕಿಕೊಂಡಿತ್ತು. ಸೂಜಪ್ಪ, ಜಿಗ್ಗಿ ಅದನ್ನು ಎಳೆದರು. ಚುಕ್ಕವ್ವ ಹಿಂದಿನಿಂದ ಚಿಪ್ಪು ಕೊಟ್ಟು ನೂಕಿದಳು. ಕೊಂಬೆ ಗುಂಡಿಗೆ ಇಳಿಯಿತು. ಬಿಂಕಣ್ಣ ಮೂರು ಕಾಲಲ್ಲಿ ಅದನ್ನು ಹಿಡಿದು ಮೇಲೆ ಬಂದ. ಯಾರ ಮುಖವನ್ನೂ ನೋಡಲಿಲ್ಲ.

ನೀರು ದಾರಿಯ ಅಂಚು ಮುಟ್ಟುತ್ತಿತ್ತು. ಸೂಜಪ್ಪ ಕೇಳಿದ, "ಈಗ ನಮ್ಮಲ್ಲಿ ಎಲ್ಲರಿಗಿಂತ ನಿಧಾನ ಯಾರು?"

ಎಲ್ಲರೂ ಬಿಂಕಣ್ಣನ ಊದಿದ ಕಾಲನ್ನು ನೋಡಿದರು.

"ಬೇಡ. ಚುಕ್ಕವ್ವ ಮುಂದೆ ಹೋಗಲಿ. ಅವಳಿಗೆ ಈಜು ಬಾರದು. ನಾನು ಹಿಂದೆ ಹೇಗೋ ಬರುತ್ತೇನೆ" ಎಂದ ಬಿಂಕಣ್ಣ. ಅವನು ಆ ದಿನ ಆಡಿದ ಮೊದಲ ನಿಜವಾದ ಮಾತು ಅದು.

ಚುಕ್ಕವ್ವನಿಗೆ ಸಂಕಟವಾಯಿತು. ಕುಲದ ಹೆಸರು ಇನ್ನು ನಾಲ್ಕು ಬಂಡೆಗಳ ಆಚೆ ಇತ್ತು. ಆದರೂ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. "ನೀನು ಮತ್ತೆ ಬಿದ್ದರೆ ನನಗೆ ಕಾಣಬೇಕಲ್ಲ. ನಡಿ" ಎಂದಳು.

ಬಿಂಕಣ್ಣ ಹೆಜ್ಜೆಗೊಮ್ಮೆ ನಿಲ್ಲುತ್ತಾ ನಡೆದ. ನೀರು ಚುಕ್ಕವ್ವನ ಹಿಂಗಾಲಿಗೆ ತಾಗಿತು. ಆದರೂ ಅವಳು ಅವನನ್ನು ದಾಟದೆ ಹಿಂದೆಯೇ ಬಂದಳು. ಸೂಜಪ್ಪ, ಜಿಗ್ಗಿ ಅವಳ ಬೆನ್ನಿಗೆ ಒತ್ತಿಕೊಂಡು ನೂಕುತ್ತಾ ಬಂದರು. ಹೊಸ್ತಿಲು ಬಂಡೆಯ ಮೇಲೆ ಮೊದಲು ಬಿದ್ದದ್ದು ಬಿಂಕಣ್ಣನ ಊದಿದ ಕಾಲೇ. ನಾಲ್ವರೂ ಹತ್ತಿ ನಿಂತ ಮರುಕ್ಷಣ ಕೆಂಪು ನೀರು ಕಮರಿ ತುಂಬಾ ಅಬ್ಬರಿಸಿಕೊಂಡು ಹೋಯಿತು.

"ಬಿಂಕಣ್ಣನ ವರ್ಷ" ಎಂದು ಕಾಡಿಗೆ ಕಾಡೇ ಕೂಗಿತು.

ಆಸೆಪಟ್ಟದ್ದು ಸಿಕ್ಕಿತ್ತು. ಬಿಂಕಣ್ಣನಿಗೆ ಮಾತ್ರ ತಲೆ ಎತ್ತಲಾಗಲಿಲ್ಲ. "ಕೂಗಬೇಡಿ. ಮೊದಲು ನಾನು ಮಾಡಿದ್ದು ಕೇಳಿ" ಎಂದು ಹಣ್ಣಿನ ನೆವದಿಂದ ಹಿಡಿದು ಗುಂಡಿಯವರೆಗೂ ಒಂದೂ ಬಿಡದೆ ಹೇಳಿದ.

ಮುದಿ ಕಡವೆ ಎಲ್ಲ ಕೇಳಿ ತಲೆಯಾಡಿಸಿತು. "ಕಾಲಿಟ್ಟವನು ನೀನೇ, ಹೆಸರು ನಿನ್ನದೇ. ಆದರೆ ಹೇಗೆ ಬಂದೆಯೋ ಅದೂ ಹೆಸರಿನಲ್ಲಿ ಇರಲಿ."

ಹೀಗೆ ಅದು ಕುಂಟುಬೆಕ್ಕಿನ ವರ್ಷವಾಯಿತು. ಆಮೇಲೆ ಹುಟ್ಟಿದ ಮರಿಗಳೆಲ್ಲ "ಯಾಕೆ ಹಾಗಂತಾರೆ?" ಎಂದು ಬಿಂಕಣ್ಣನನ್ನೇ ಕೇಳುತ್ತಿದ್ದವು. ಅವನು ಪ್ರತಿಸಲವೂ ಕೂತು ಪೂರ್ತಿ ಹೇಳಬೇಕಾಗುತ್ತಿತ್ತು.

ಮುಂದಿನ ಬೇಸಿಗೆ ಚುಕ್ಕವ್ವ ಮತ್ತೆ ಹೊರಟಳು. ಕಾಲು ವಾಸಿಯಾಗಿದ್ದ ಬಿಂಕಣ್ಣ ಕಟ್ಟಕಡೆಯ ಜಾಗವನ್ನು ಕೇಳಿ ಪಡೆದ. ದಾರಿಯುದ್ದಕ್ಕೂ ಅವಳ ಚಿಪ್ಪಿನ ಚುಕ್ಕಿಗಳ ಮೇಲಿಂದ ಕಣ್ಣು ತೆಗೆಯಲಿಲ್ಲ. ಅವಳು ಹೊಸ್ತಿಲು ಬಂಡೆಯ ಮೇಲೆ ಕಾಲಿಟ್ಟಾಗ, ಮೇಲೆ ಕಾದಿದ್ದವರು ಬಾಯಿ ತೆರೆಯುವ ಮೊದಲೇ "ಚುಕ್ಕವ್ವನ ವರ್ಷ" ಎಂಬ ಕೂಗು ಕೇಳಿಸಿತು. ಅದು ಕಮರಿಯೊಳಗಿಂದ, ಸಾಲಿನ ಕೊನೆಯಿಂದ ಬಂದಿತ್ತು.

ನೀತಿ: ಜೊತೆಯವರನ್ನು ಮೋಸದಿಂದ ಹಿಂದೆ ಬಿಟ್ಟು ಓಡಿದವನು ಬಿದ್ದಾಗ ನೋಡುವವರು ಇರುವುದಿಲ್ಲ. ಎಲ್ಲರನ್ನೂ ಕರೆದುಕೊಂಡು ತಲುಪುವುದೇ ನಿಜವಾದ ಹೆಮ್ಮೆ.