ನೀರುಗಂಟಿಯ ನಿದ್ದೆ

ಈ ಕತೆಯನ್ನು ನನಗೆ ಮೊದಲು ಹೇಳಿದವಳು ಓಬಕ್ಕ. ನಾನು ಪಾಠ ಮಾಡುವ ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ಅವಳು ಅಟೆಂಡರ್. ಇಪ್ಪತ್ತು ವರ್ಷದಿಂದ ನಾನು ಅಣುವಿನ ಬಗ್ಗೆ ಬೋರ್ಡಿನ ಮೇಲೆ ಬರೆಯುತ್ತಿದ್ದೇನೆ, ಇಪ್ಪತ್ತು ವರ್ಷದಿಂದ ಅವಳು ಅದನ್ನು ಒರೆಸುತ್ತಿದ್ದಾಳೆ. ಸೋಮವಾರಗಳಲ್ಲಿ ಮಠದ ದಾಸೋಹದಲ್ಲಿ ಬಡಿಸಲು ಹೋಗುತ್ತಾಳೆ. ಇದು ಅಲ್ಲಿ ಅವಳು ಅನ್ನದ ಬುಟ್ಟಿ ಹಿಡಿದು ನಿಂತು ಕೇಳಿದ್ದು.

ಅಂದು ರುದ್ರಮುನಿ ಮಠಕ್ಕೆ ಬಂದಿದ್ದ. ಮಠದ ಹಾಸ್ಟೆಲ್ಲಿನಲ್ಲಿಯೇ ಓದಿ ಇಂಜಿನಿಯರ್ ಆದವನು. ಈ ಸೀಮೆಯ ವಿದ್ಯುತ್ತನ್ನು ಸೂರ್ಯನಿಂದ ಪಡೆಯಬೇಕೋ, ಅಣುವಿನಿಂದ ಪಡೆಯಬೇಕೋ ಎಂದು ತೀರ್ಮಾನಿಸಲು ಮೂವರ ಸಮಿತಿ ಆಗಿತ್ತು. ಒಬ್ಬರು ಸೂರ್ಯ ಎಂದು ರುಜು ಹಾಕಿದ್ದರು, ಇನ್ನೊಬ್ಬರು ಅಣು ಎಂದು. ಮೂರನೆಯ ರುಜು ರುದ್ರಮುನಿಯದು. ಗುರುವಾರದೊಳಗೆ ಹಾಕಬೇಕಿತ್ತು.

ಸ್ವಾಮಿಗಳು ಪಂಕ್ತಿಯ ನಡುವೆ ಬಂದು ಯೋಗಕ್ಷೇಮ ಕೇಳಿದರು. ಊಟ, ನಿದ್ದೆ ಎಲ್ಲಾ ಚೆನ್ನಾಗಿದೆ, ತಮ್ಮ ಆಶೀರ್ವಾದ ಎಂದ ರುದ್ರಮುನಿ. ಆಮೇಲೆ ತಾನು ತಂದಿದ್ದ ಪ್ರಶ್ನೆ ಕೇಳಿದ.

"ಬುದ್ಧಿ, ಸೂರ್ಯ ಒಳ್ಳೆಯದೋ, ಅಣು ಒಳ್ಳೆಯದೋ? ಎರಡಕ್ಕೂ ಲೆಕ್ಕ ಸರಿಯಾಗಿಯೇ ಬರುತ್ತಿದೆ."

ಜಾಗ ನೋಡಿ ಬಂದೆಯಾ ಎಂದು ಸ್ವಾಮಿಗಳು ಕೇಳಿದರು. ಅವನು ಫೋನು ತೆಗೆದು ನಕ್ಷೆ ತೋರಿಸಿದ. ಸ್ವಾಮಿಗಳಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಮಾತು ಗಿಡ್ಡವಾಗುತ್ತದೆ ಎನ್ನುತ್ತಾಳೆ ಓಬಕ್ಕ. ಅಂದು ಗಿಡ್ಡವಾಯಿತು. ಅವರು ಅಲ್ಲೇ ಕುಳಿತು ಹೇಳತೊಡಗಿದರು.

ಒಂದು ಊರಿತ್ತು. ಊರಿಗೊಂದು ಕೆರೆ. ತೂಬು ತೆಗೆದು, ಸರದಿಯಂತೆ ಎಲ್ಲರ ಗದ್ದೆಗೂ ನೀರು ಹಾಯಿಸಲು ಒಬ್ಬ ನೀರುಗಂಟಿ. ಆ ಕೆಲಸಕ್ಕಾಗಿ ಊರು ಅವನಿಗೆ ಒಂದು ಗದ್ದೆ ಬಿಟ್ಟಿತ್ತು. ಅದು ಕಾಲುವೆಯ ಕಟ್ಟಕಡೆಯ ಗದ್ದೆ. ಊರಿನ ಎಲ್ಲ ಗದ್ದೆಗಳು ತುಂಬಿದ ಮೇಲೆಯೇ ನೀರುಗಂಟಿಯ ಗದ್ದೆಗೆ ನೀರು. ಹಿಂದಿನವರು ಹಾಗೆ ಕಟ್ಟಳೆ ಮಾಡಿದ್ದರು. ಯಾಕೆಂದು ಹೇಳಿ ಹೋಗಿರಲಿಲ್ಲ.

ನೀರುಗಂಟಿಗೆ ವಯಸ್ಸಾಯಿತು. ಮೊಣಕಾಲು ಹಿಡಿಯಿತು. ತೂಬಿನಿಂದ ತನ್ನ ಗದ್ದೆಗೆ ಅವನು ಕುಂಟುತ್ತಾ ಹೋಗುವುದನ್ನು ನೋಡಿ ಊರವರಿಗೆ ಮರುಕ ಬಂತು. ತೂಬಿನ ಮಗ್ಗುಲಿಗಿದ್ದ ಗದ್ದೆಯನ್ನು ಅವನಿಗೆ ಕೊಟ್ಟರು. ಕಡೆಯ ಗದ್ದೆಯನ್ನು ಒಬ್ಬ ವಿಧವೆಗೆ ಕೊಟ್ಟರು. ಒಂದೇ ದಿನ ಎರಡು ಪುಣ್ಯದ ಕೆಲಸ ಮಾಡಿದೆವು ಎಂದು ಮನೆಗೆ ಹೋಗಿ ಊಟ ಮಾಡಿದರು.

ಆ ವರ್ಷ ಕೆರೆ ಕೋಡಿ ಬಿದ್ದಿತ್ತು. ಆದರೂ ವಿಧವೆಯ ಪೈರು ಒಣಗಿತು. ಮರುವರ್ಷವೂ ಒಣಗಿತು. ನೀರು ಕದ್ದವರು ಯಾರೆಂದು ಊರು ಹುಡುಕಿತು. ಮಧ್ಯದ ಗದ್ದೆಯವರನ್ನು ಬೈದರು. ತೂಬು ಮರದ್ದಿರುವುದೇ ತಪ್ಪು, ಕಲ್ಲಿನದು ಬೇಕು ಎಂದರು ಕೆಲವರು. ಕಲ್ಲಾದರೆ ಇನ್ನೂ ಕೆಡುತ್ತದೆ ಎಂದರು ಉಳಿದವರು. ಈ ಜಗಳದಲ್ಲಿ ಒಂದು ಬೇಸಿಗೆ ಕಳೆಯಿತು. ವಿಧವೆಯನ್ನು ಯಾರೂ ಏನೂ ಕೇಳಲಿಲ್ಲ.

ಕೊನೆಗೆ ನೀರುಗಂಟಿ ತಾನಾಗಿ ಊರವರು ಸೇರುವ ಕಟ್ಟೆಗೆ ಬಂದು ತಲೆ ತಗ್ಗಿಸಿ ನಿಂತ. ಕದ್ದವರು ಯಾರೂ ಇಲ್ಲ ಎಂದ. ಹಿಂದೆ ತನ್ನ ಗದ್ದೆಗೆ ನೀರು ಮುಟ್ಟಬೇಕಾದರೆ ಇಡೀ ಕಾಲುವೆ ನಡೆಯಬೇಕಿತ್ತು. ಎಲ್ಲಿ ಏಡಿ ತೂತು ಕೊರೆದಿದೆ, ಎಲ್ಲಿ ಬದು ಜರಿದಿದೆ, ಯಾರು ಗದ್ದೆಗೆ ನೀರು ತಿರುಗಿಸುವ ಮಡೆ ಮುಚ್ಚದೆ ಮನೆಗೆ ಹೋಗಿದ್ದಾರೆ, ಎಲ್ಲ ಕಣ್ಣಿಗೆ ಬೀಳುತ್ತಿತ್ತು. ಈಗ ಅಷ್ಟು ದೂರ ಹೋಗುವ ಕೆಲಸವಿಲ್ಲ.

"ನಾನು ಮೋಸ ಮಾಡ್ಲಿಲ್ಲ ಸ್ವಾಮಿ. ನನ್ ಗದ್ದೆ ತುಂಬಿದ ಮ್ಯಾಲೆ ನಂಗೆ ನಿದ್ದೆ ಬತ್ತೈತೆ, ಅಷ್ಟೇಯ."

ತನ್ನ ಹಳೆಯ ಗದ್ದೆಯನ್ನು ತನಗೇ ಕೊಡಿ ಎಂದು ಬೇಡಿ ಇಸಿದುಕೊಂಡ. ತೂಬಿನ ಮಗ್ಗುಲಿನ ಗದ್ದೆ ವಿಧವೆಗೆ ಹೋಯಿತು. ಕುಂಟುತ್ತಲೇ ಕಾಲುವೆ ನಡೆದ. ಆ ವರ್ಷ ಕಟ್ಟಕಡೆಯ ಗದ್ದೆಯೂ ಹಸಿರಾಯಿತು.

ಇದಾಗಿ ಕೆಲವು ಕಾಲಕ್ಕೆ ಆ ಊರಿಗೆ ಒಬ್ಬ ಅಧಿಕಾರಿ ಬಂದ. ಸೀಮೆಗೆಲ್ಲ ವಿದ್ಯುತ್ತು ಬೇಕಾಗಿತ್ತು. ಊರಿಗೂ ಬೇಕಾಗಿತ್ತು, ಬೇಡವೆಂದವರು ಯಾರೂ ಇರಲಿಲ್ಲ. ಅಧಿಕಾರಿ ಶಾಮಿಯಾನ ಹಾಕಿಸಿ ಸಭೆ ಮಾಡಿದ. ಜೊತೆಗೆ ಇಬ್ಬರು ವರ್ತಕರು. ಅವರು ನೆರಳಿನಲ್ಲಿ ಕುಳಿತರು, ಊರು ಬಿಸಿಲಿನಲ್ಲಿ.

ಒಬ್ಬ ಸೂರ್ಯನನ್ನು ಮಾರುವ ವರ್ತಕ. ಹೊಗೆ ಇಲ್ಲ, ಭಯ ಇಲ್ಲ, ನಿಮ್ಮ ಊರಾಚೆಯ ಕಾವಲು ಭೂಮಿ ಹೇಗೂ ಬರಡು, ಅಲ್ಲಿ ಏನೂ ಇಲ್ಲ ಎಂದ. ಬೆಳಿಗ್ಗೆ ಅವನ ಕಾರು ಅದೇ ಕಾವಲಿನಲ್ಲಿ ಮುನ್ನೂರು ಕುರಿ ದಾಟುವವರೆಗೆ ನಿಂತು ಹಾರನ್ನು ಹೊಡೆದಿತ್ತು. ಇನ್ನೊಬ್ಬ ಅಣುವನ್ನು ಮಾರುವ ವರ್ತಕ. ಸೂರ್ಯ ಮುಳುಗುತ್ತಾನೆ, ಅಣು ಮುಳುಗುವುದಿಲ್ಲ, ಜಾಗವೂ ಸ್ವಲ್ಪ ಸಾಕು, ಕೆರೆಯ ನೀರು ಕೊಟ್ಟರಾಯಿತು ಎಂದ. ಉರಿದು ಉಳಿದದ್ದನ್ನು ಇಲ್ಲೇ ಭದ್ರವಾಗಿ ಹೂತಿಡುತ್ತೇವೆ, ನಿಮ್ಮ ಕಾಲಕ್ಕೆ ಏನೂ ಆಗುವುದಿಲ್ಲ ಎಂದ. ನಮ್ಮ ಕಾಲ ಮುಗಿದ ಮೇಲೆ ಇಲ್ಲಿರುವವರು ಯಾರ ಮಕ್ಕಳು ಎಂದು ಆ ವಿಧವೆ ಕೇಳಿದಳು. ಪ್ರಶ್ನೆಗಳು ಕೊನೆಯಲ್ಲಿ ಎಂದು ಅವಳನ್ನು ಕೂರಿಸಿದರು. ಕೊನೆಯಲ್ಲಿ ಲಾಡು ಹಂಚಿದರು.

ಆಗ ನೀರುಗಂಟಿ ಎದ್ದ. ಲಾಡನ್ನು ಪಕ್ಕದವನ ಕೈಗೆ ಕೊಟ್ಟು ಎದ್ದ.

ಎರಡರಲ್ಲಿ ಯಾವುದು ಮೇಲು ಎಂದು ನಮಗೆ ತಿಳಿಯದು, ನೀವು ಓದಿದವರು, ನೀವೇ ಆರಿಸಿ ಎಂದ. ಆದರೆ ನಮ್ಮೂರಿನ ಕಟ್ಟಳೆ ಒಂದಿದೆ. ತೂಬು ಹಿಡಿದವನಿಗೆ ಕಡೆಯ ಗದ್ದೆ. ಸೂರ್ಯ ಎನ್ನುವುದಾದರೆ ಇಪ್ಪತ್ತು ಕುರಿ ಕೊಡುತ್ತೇವೆ, ಹೆಂಡತಿ ಮಕ್ಕಳೊಡನೆ ಬಂದು ಆ ಕಾವಲಿನ ಅಂಚಿನಲ್ಲಿ ಮೇಯಿಸಿಕೊಂಡಿರಿ. ಅಣು ಎನ್ನುವುದಾದರೆ ಹೂತಿಟ್ಟ ಜಾಗದ ಗೋಡೆಗೆ ಒತ್ತಿ ಮನೆ ಕಟ್ಟಿಕೊಡುತ್ತೇವೆ, ಮೊಮ್ಮಕ್ಕಳನ್ನೂ ಅಲ್ಲೇ ಬೆಳೆಸಿ, ಈ ಕೆರೆಯ ನೀರನ್ನೇ ಕುಡಿಯಿರಿ. ಊರಿಗೆಲ್ಲ ದೀಪ ಬಂದ ಮೇಲೆ ನಿಮ್ಮ ಮನೆಗೆ ತಂತಿ ಎಳೆಯೋಣ. ಆಗ ನೀವು ಸೂರ್ಯ ಎಂದರೂ ಒಪ್ಪುತ್ತೇವೆ, ಅಣು ಎಂದರೂ ಒಪ್ಪುತ್ತೇವೆ.

ವರ್ತಕರಿಬ್ಬರೂ ನಕ್ಕರು. ಬೆಳಗಿನಿಂದ ಅವರಿಬ್ಬರು ಒಮ್ಮತಕ್ಕೆ ಬಂದದ್ದು ಅದೊಂದೇ ಸಲ. ಅಧಿಕಾರಿಯೂ ನಗುತ್ತಾ ಮುದುಕನ ಬೆನ್ನು ತಟ್ಟಿದ.

"ನಮ್ಮ ಮನೆ ಸಿಟಿಯಲ್ಲಿದೆ ಅಜ್ಜ. ಆರಿಸೋದಷ್ಟೇ ನನ್ನ ಕೆಲಸ."

"ಹಂಗಾರೆ ತೂಬು ನಿಮ್ ಕೈಗೆ ಕೊಟ್ಟೋರ್ಯಾರು ಸ್ವಾಮಿ?"

ಅಧಿಕಾರಿ ಕಾರು ಹತ್ತಿದ. ಗ್ರಾಮಸ್ಥರಿಂದ ಉತ್ತಮ ಸಹಕಾರ ದೊರೆಯಿತು ಎಂದು ವರದಿಯಲ್ಲಿ ಬರೆದ.

ಸ್ವಾಮಿಗಳು ಅಷ್ಟಕ್ಕೇ ನಿಲ್ಲಿಸಿದರು. ಪಂಕ್ತಿಯಲ್ಲಿ ಯಾರೂ ತುತ್ತು ಎತ್ತಿರಲಿಲ್ಲ. ಮುಂದೆ ಹೇಳುವಂತೆ ಕಾಣಲಿಲ್ಲ. ಕೊನೆಗೆ ಆ ಅಧಿಕಾರಿ ಯಾವುದನ್ನು ಆರಿಸಿದ ಎಂದು ರುದ್ರಮುನಿಯೇ ಕೇಳಿದ.

ಸ್ವಾಮಿಗಳು ಏಳುತ್ತಾ ಅವನ ಕಡೆ ನೋಡಿದರು.

"ನಿದ್ದೆ ಚೆನ್ನಾಗಿ ಬರುತ್ತದೆ ಅಂದೆಯಲ್ಲ, ರುದ್ರಮುನಿ?"

ಅವನ ಎಲೆಯಲ್ಲಿ ಅನ್ನ ಹಾಗೆಯೇ ಆರಿತು. ಓಬಕ್ಕ ಸಾರು ಹಿಡಿದು ಎರಡು ಸಲ ಅವನ ಮುಂದೆ ಬಂದು, ಎರಡು ಸಲವೂ ಹಾಕದೆ ಮುಂದೆ ಹೋದಳಂತೆ.

ಇದನ್ನು ಹೇಳಿ ಮುಗಿಸಿ ಓಬಕ್ಕ ಡಸ್ಟರ್ ಕೈಗೆತ್ತಿಕೊಂಡಳು. ನೀವೂ ನಾಕು ಜನಕ್ಕೆ ಹೇಳಿ ಮೇಡಂ, ಮೊದಲು ತೂಬಿನ ಮಗ್ಗುಲ ಗದ್ದೆಯೋರಿಗೆ ಹೇಳಿ ಅಂದಳು. ಅದಕ್ಕೇ ನಾನು ಇದನ್ನು ಓದುತ್ತಿರುವ ನಿಮಗೆ ಹೇಳಿದೆ. ಇನ್ನು ನೀವು ನಿಮ್ಮ ಪಕ್ಕದ ಗದ್ದೆಗೆ ದಾಟಿಸಿ.