ಒಲೆ ಹೊತ್ತದ ಅಮಾವಾಸ್ಯೆ

ಒಂದಾನೊಂದು ಕಾಲದಲ್ಲಿ, ಊರಿಗೆ ಇನ್ನೂ ಹಿಟ್ಟಿನ ಗಿರಣಿ ಬಂದಿರಲಿಲ್ಲ, ರೊಟ್ಟಿ ಬೇಕಾದವರು ಮನೆಯಲ್ಲೇ ಕೂತು ಬೀಸಿಕೊಳ್ಳಬೇಕಿತ್ತು, ಅಂಥ ಕಾಲದಲ್ಲಿ ಒಂದು ನೇಕಾರರ ಓಣಿ ಇತ್ತಂತೆ. ಎರಡೂ ಬದಿಗೆ ಮನೆ, ಮನೆಯೊಳಗೆ ಕುಣಿಮಗ್ಗ, ಅಂದರೆ ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ಸೀರೆ ನೇಯುವ ಮಗ್ಗ. ಆ ಓಣಿಯಲ್ಲಿ ಕಾಶವ್ವ ಅನ್ನುವವಳಿಗೆ ಮೂವರು ಗಂಡುಮಕ್ಕಳು, ಈರಪ್ಪ, ಮಲ್ಲಪ್ಪ, ಗುರುಪಾದ. ಮೂವರೂ ನೇಯುವವರೇ. ಕಾಶವ್ವನ ಗಂಡ ತೀರಿಕೊಂಡ ಮೇಲೆ ಅವನ ಮಗ್ಗ ಪಡಸಾಲೆಯ ಮೂಲೆಯಲ್ಲಿ ಖಾಲಿ ಬಿದ್ದಿತ್ತು, ಅದರ ಕುಣಿಯಲ್ಲಿ ವರ್ಷಾವರ್ಷ ಬೆಕ್ಕು ಮರಿ ಹಾಕುತ್ತಿತ್ತಂತೆ.

ದೊಡ್ಡ ಮಗ ಈರಪ್ಪನಿಗೆ ಹೊನ್ನವ್ವ ಅಂತ ಹೆಂಡತಿ ಬಂದಳು. ಅವಳೂ ನೇಕಾರರ ಮಗಳೇ. ತವರಿನಲ್ಲಿ ಅಪ್ಪನ ಪಕ್ಕ ಕೂತು ಸೆರಗಿನ ಕುಸುರಿ ಕೂಡ ಕಲಿತಿದ್ದಳು. ಇಲ್ಲಿಗೆ ಬಂದಮೇಲೆ ಮಗ್ಗದ ಸದ್ದು ಕಿವಿಗೆ ಬೀಳೋದು, ಕೈ ಮಾತ್ರ ಹಿಟ್ಟಿನಲ್ಲಿ. ನಸುಕಿನಲ್ಲಿ ಬೀಸಿ, ಬೆಳಗ್ಗೆ ರೊಟ್ಟಿ ಬಡಿದು, ಪಲ್ಯ ಮಾಡಿ, ಆಮೇಲೆ ಮಧ್ಯಾಹ್ನಕ್ಕೆ ಮತ್ತೆ ಒಲೆ ಹೊತ್ತಿಸಿ, ಆಮೇಲೆ ರಾತ್ರಿಗೆ ಮತ್ತೆ ಊದಿ, ಹೀಗೆ ಮೂರು ಸಲ ಹೊಗೆ ಕುಡಿದು ಕಣ್ಣು ಕೆಂಪಗಾಗುತ್ತಿದ್ದವಂತೆ. ಅತ್ತೆಯೂ ಪಕ್ಕದಲ್ಲೇ ಕೂತು ಒಲೆ ನೋಡುವವಳು. ಸೊಸೆಗೆ ಬಿಟ್ಟು ಎದ್ದುಹೋದರೆ ಎಲ್ಲಿ ರೊಟ್ಟಿ ಸೀದುಹೋಗುತ್ತದೋ ಅಂತ ಅವಳ ಜೀವ ನಿಲ್ಲುತ್ತಿರಲಿಲ್ಲ.

ಒಂದು ದಿನ ಹೊನ್ನವ್ವ ಗಟ್ಟಿ ಮನಸ್ಸು ಮಾಡಿ, ಅತ್ತೀ, ಮೂಲಿಯೊಳಗಿನ ಮಗ್ಗಕ್ಕ ನಾ ಕುಂಡ್ರಲೇನ್ರಿ ಅಂತ ಕೇಳಿಯೇಬಿಟ್ಟಳು. ಕಾಶವ್ವ ರೊಟ್ಟಿ ತಿರುವುತ್ತಾ, ನೀ ಮಗ್ಗಕ್ಕ ಕುಂತರ ಇಲ್ಲಿ ಬೆಕ್ಕು ಬಂದು ರೊಟ್ಟಿ ಬಡೀತದೇನು ಅಂದಳಂತೆ. ಹೊನ್ನವ್ವ ಸುಮ್ಮನಾಗಲಿಲ್ಲ. ಮರುದಿನ ಕೇಳಿದಳು, ಅದರ ಮರುದಿನವೂ ಕೇಳಿದಳು. ಕೊನೆಗೆ ಕಾಶವ್ವ ಬೇಸತ್ತು, ಕುಂಡ್ರು, ಆದರ ಮೂರು ಮಾತಿಗೆ ಒಪ್ಪಬೇಕು ಅಂದಳು. ಒಂದನೇದು, ಹೊತ್ತಿಗೆ ಸರಿಯಾಗಿ ಎಲ್ಲರ ತಾಟಿಗೂ ಊಟ ಬೀಳಬೇಕು. ಎರಡನೇದು, ಅಳೆದುಕೊಟ್ಟ ಜೋಳ ತಿಂಗಳ ಕೊನೆವರೆಗೂ ಬರಬೇಕು, ಸೇರು ಹಿಡಿದುಕೊಂಡು ಪಕ್ಕದ ಮನೆಗೆ ಹೋಗುವಂತಿಲ್ಲ. ಮೂರನೇದು, ಓಣಿಯ ಮಂದಿ ನಮ್ಮ ಮನೆ ಬಗ್ಗೆ ಬಾಯಿ ಬಿಡಬಾರದು. ಈ ಅಮಾವಾಸ್ಯೆಯಿಂದ ಮುಂದಿನ ಅಮಾವಾಸ್ಯೆವರೆಗೆ ನೋಡುತ್ತೇನೆ, ಮೂರೂ ನಡೆದರೆ ಮಗ್ಗ ನಿನ್ನದು, ಒಂದು ತಪ್ಪಿದರೂ ಎದ್ದು ಒಲೆ ಮುಂದೆ ಬಂದು ಕೂಡು, ಆಮೇಲೆ ಜನ್ಮದಲ್ಲಿ ಕೇಳಬೇಡ.

ಹೊನ್ನವ್ವ ಬೆಕ್ಕಿನ ಮರಿಗಳನ್ನು ಬುಟ್ಟಿಗೆ ಹಾಕಿ ಹಿತ್ತಲಿಗಿಟ್ಟು, ಕುಣಿ ಗುಡಿಸಿ, ಮಗ್ಗಕ್ಕೆ ಹಾಸು, ಅಂದರೆ ಉದ್ದದ ಎಳೆಗಳನ್ನು, ಹೂಡಿದಳಂತೆ.

ಆಮೇಲೆ ಅವಳು ಯೋಚನೆ ಮಾಡಿದಳು. ಒಲೆ ಹೊತ್ತಿಸೋದು, ಹೆಂಚು ಕಾಯಿಸೋದು, ಪಾತ್ರೆ ತಿಕ್ಕೋದು, ಇದಕ್ಕೇ ಅರ್ಧ ದಿನ ಹೋಗುತ್ತದೆ. ಒಂದು ರೊಟ್ಟಿಗೂ ಹೆಂಚು ಕಾಯಬೇಕು, ನೂರು ರೊಟ್ಟಿಗೂ ಅದೇ ಹೆಂಚು ಕಾಯಬೇಕು. ಹಾಗಾದರೆ ವಾರದ ಅಡುಗೆ ಒಂದೇ ದಿನ ಯಾಕೆ ಮಾಡಬಾರದು? ಸೋಮವಾರ ಕೂತು ಎಲ್ಲ ಮಾಡಿಬಿಟ್ಟಳು. ರೊಟ್ಟಿ, ಬದನೆಕಾಯಿ ಪಲ್ಯ, ದೊಡ್ಡ ಗಡಿಗೆ ತುಂಬ ಸಾರು. ಮೊದಲ ದಿನ ಚೆನ್ನಾಗಿತ್ತು. ಎರಡನೇ ದಿನ ಪರವಾಗಿಲ್ಲ ಅನ್ನಿಸಿತು. ಮೂರನೇ ದಿನ ಗಡಿಗೆಯ ಮುಚ್ಚಳ ತೆಗೆದರೆ ಸಾರು ಗುಳುಗುಳು ಅಂತಿತ್ತು. ಕಿರಿಯ ಮೈದುನ ಗುರುಪಾದ ತಾಟಿನ ಮುಂದೆ ಮೂಗು ಹಿಡಿದುಕೊಂಡು, ವೈನಿ, ನೀವು ಬಡಸೂದು ಬ್ಯಾಡ ಬಿಡ್ರಿ, ಸಾರು ತಾನ ನಡಕೊಂಡು ಬರಾಕ ಹತ್ತೇದ ಅಂದನಂತೆ. ಎಮ್ಮೆಗೆ ಹಾಕಿದರೆ ಎಮ್ಮೆಯೂ ಮುಖ ತಿರುಗಿಸಿತು. ಕಾಶವ್ವ ಬಾಗಿಲಲ್ಲಿ ನಿಂತು ನೋಡಿದಳು. ಊಟದ ಹೊತ್ತು ಇನ್ನೂ ದಾಟಿರಲಿಲ್ಲ. ಹೊನ್ನವ್ವ ಓಡಿಹೋಗಿ ಮೊಸರು, ಉಳ್ಳಾಗಡ್ಡಿ, ಶೇಂಗಾ ಹಿಂಡಿ ಅನ್ನುವ ಚಟ್ನಿಪುಡಿ ಹಾಕಿಕೊಟ್ಟಳು. ಎಲ್ಲರೂ ರೊಟ್ಟಿ ಮುರಿದುಕೊಂಡು ತಿಂದರು. ಮೊದಲನೇ ಮಾತು ಹಾಗೂ ಹೀಗೂ ಉಳಿಯಿತು.

ಆಗ ಅವಳಿಗೆ ಗೊತ್ತಾಯಿತಂತೆ, ನೀರು ಇರೋದೆಲ್ಲ ಆಯಾ ದಿನಕ್ಕೆ, ನೀರು ಆರಿದ್ದು ವಾರಕ್ಕೆ. ಅವತ್ತಿನಿಂದ ರೊಟ್ಟಿಯನ್ನು ಕಾಗದದಷ್ಟು ತೆಳ್ಳಗೆ ಬಡಿದು, ಕೆಂಡದ ಮುಂದೆ ನಿಲ್ಲಿಸಿ ಕಟಕಟ ಅನ್ನುವ ಹಾಗೆ ಒಣಗಿಸಿ, ಬಿಸಿ ಪೂರ್ತಿ ಆರಿದ ಮೇಲೆಯೇ ಬುಟ್ಟಿಯಲ್ಲಿ ಅಟ್ಟಿ ಹಾಕಿದಳು. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಮೂರು ಭರಣಿ ತುಂಬಿಟ್ಟಳು. ಹೆಸರುಕಾಳು ನೆನೆಹಾಕಿ ಮೊಳಕೆ ಕಟ್ಟಿದಳು, ಅದಕ್ಕೆ ಬೆಂಕಿಯೇ ಬೇಡ. ಮೊಸರು ಮನೆಯ ಎಮ್ಮೆಯದು, ಹಸಿ ಸೊಪ್ಪು ಹಿತ್ತಲದು. ಬೇಸಿಗೆ ಬೇರೆ, ಬಿಸಿ ಸಾರು ಯಾರಿಗೂ ನೆನಪಾಗಲಿಲ್ಲ. ವಾರಕ್ಕೊಮ್ಮೆ ಒಲೆ, ಉಳಿದ ದಿನ ಮಗ್ಗದ ಲಾಳಿ. ಕುಳ್ಳು, ಕಟ್ಟಿಗೆ ಎಷ್ಟು ಉಳಿಯಿತು ಅಂದರೆ ಹಿತ್ತಲಿನ ಒಟ್ಟಿಲು ಕರಗೋದೇ ನಿಂತಿತಂತೆ.

ಆಮೇಲೆ ಬಂತು ನೋಡು ಎರಡನೇ ತೊಂದರೆ. ಬುಟ್ಟಿಯಲ್ಲಿ ಗರಿಗರಿ ರೊಟ್ಟಿ ಸದಾ ಕೈಗೆ ಸಿಗುತ್ತದೆ. ಮಲ್ಲಪ್ಪ ನೀರು ಕುಡಿಯಲು ಒಳಗೆ ಬಂದರೆ ಒಂದು ಮುರಿದುಕೊಂಡು ಹೋಗುವನು. ಗುರುಪಾದ ಬಂದರೆ ಎರಡು. ಈರಪ್ಪ ಹೆಂಡತಿಯ ಎದುರಿಗೆ ಮುಟ್ಟದೆ, ಅವಳು ಮಗ್ಗದಲ್ಲಿ ತಲೆ ತಗ್ಗಿಸಿದಾಗ ಅಂಗಿಯೊಳಗೆ ಇಟ್ಟುಕೊಂಡು ಹೋಗುವನು, ಆದರೆ ಕಟಕ್ ಅನ್ನುವ ಸದ್ದು ಮುಚ್ಚಿಡಲಿಕ್ಕಾಗುತ್ತದೆಯೇ. ವಾರದ ರೊಟ್ಟಿ ಅರ್ಧ ವಾರಕ್ಕೇ ಮುಗಿಯಿತು. ಹೀಗೆ ಹೋದರೆ ಜೋಳ ಹುಣ್ಣಿಮೆ ದಾಟುವುದಿಲ್ಲ. ಹೊನ್ನವ್ವ ಯಾರನ್ನೂ ಬೈಯಲಿಲ್ಲ. ಉಳಿದ ಜೋಳವನ್ನು ವಾರವಾರಕ್ಕೆ ಬೇರೆ ಬೇರೆ ಗಡಿಗೆಗೆ ಸುರಿದು, ಬೀಗರು ಬಿಜ್ಜರು ಬಂದರೆ ಇರಲಿ ಅಂತ ಒಂದು ಸಣ್ಣ ಗಡಿಗೆ ಪಕ್ಕಕ್ಕಿಟ್ಟು, ಬಾಯಿಗೆ ಬಟ್ಟೆ ಕಟ್ಟಿದಳು. ಒಣಗಿಸಿದ ರೊಟ್ಟಿಯನ್ನು ದಿನಕ್ಕೊಂದು ಗಂಟು ಮಾಡಿದಳು. ಬೆಳಗ್ಗೆ ಒಂದು ಗಂಟು ಬಿಚ್ಚೋದು, ಅದು ಮುಗಿದರೆ ಅವತ್ತಿಗೆ ಮುಗಿಯಿತು. ಮೊದಲ ದಿನ ಮೈದುನರಿಬ್ಬರೂ ಮಧ್ಯಾಹ್ನದೊಳಗೆ ಗಂಟು ಖಾಲಿ ಮಾಡಿ, ಸಂಜೆ ಮೊಳಕೆ ಕಾಳು ಅಗಿಯುತ್ತಾ ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಮರುದಿನದಿಂದ ಬುದ್ಧಿ ಬಂತು. ಉಪ್ಪು, ಮೆಣಸಿನಕಾಯಿ, ಬೆಲ್ಲವನ್ನೂ ದಿನಾ ಅಂಗಡಿಗೆ ಓಡಿ ಚಿಟಿಕೆ ಚಿಟಿಕೆ ತರುವ ಬದಲು ಸಂತೆಯಲ್ಲಿ ಒಂದೇ ಸಲ ತಂದಳು. ತಿಂಗಳು ಮುಗಿಯುತ್ತಾ ಬಂದರೂ ಕೊನೆಯ ಗಡಿಗೆಯಲ್ಲಿ ಜೋಳ ಇತ್ತು. ಕಾಶವ್ವ ಕೈ ಹಾಕಿ ನೋಡಿ, ಹೂಂ ಅಂದಳು, ಅಷ್ಟೇ. ಮಗ್ಗದ ಮೇಲೆ ಸೀರೆ ಅರ್ಧಕ್ಕೆ ಬಂದಿತ್ತು.

ಇನ್ನು ಉಳಿದದ್ದು ಒಂದೇ ದಿನ, ಅಮಾವಾಸ್ಯೆ. ಅದೊಂದು ದಾಟಿದರೆ ಮಗ್ಗ ಹೊನ್ನವ್ವನದು.

ಅಮಾವಾಸ್ಯೆ ದಿನ ನೇಕಾರರು ನೇಯುವುದಿಲ್ಲ. ಓಣಿಯಲ್ಲಿ ಮಗ್ಗದ ಸದ್ದಿಲ್ಲ, ಆದರೆ ಮನೆಮನೆಯಲ್ಲೂ ಹೋಳಿಗೆ, ಮನೆಮನೆಯ ಮೇಲೂ ಹೊಗೆ. ಹೊನ್ನವ್ವ ಮಾತ್ರ ಹಿಂದಿನ ದಿನವೇ ವಾರದ ಒಲೆ ಹೊತ್ತಿಸಿದಾಗ ಹೋಳಿಗೆಯನ್ನೂ ಮಾಡಿ ಮುಗಿಸಿದ್ದಳು. ಗಂಡ, ಮೈದುನರು ನೂಲು ತರಲಿಕ್ಕೆ ಪಕ್ಕದ ಊರಿಗೆ ಹೋಗಿದ್ದರು. ಕಾಶವ್ವನಿಗೆ ಕಾಲು ಉಳುಕಿ ಮೂರು ದಿನವಾಗಿತ್ತು, ಹೊರಗೆ ಬಂದಿರಲಿಲ್ಲ. ಎಣ್ಣೆ ತಿಕ್ಕಿಸಿಕೊಂಡು, ನೊಣ ಕೂಡಬಾರದು ಅಂತ ತಲೆಯಿಂದ ಕಾಲಿನವರೆಗೆ ಬಿಳಿ ದುಪ್ಪಟಿ ಹೊದ್ದು ಒಳಕೋಣೆಯಲ್ಲಿ ನಿದ್ದೆ ಹೋಗಿದ್ದಳು. ಹೊನ್ನವ್ವ ಮಗ್ಗದ ಕುಣಿಯಲ್ಲಿ ಕಾಲಿಟ್ಟುಕೊಂಡು, ಕಡಿದುಹೋದ ಎಳೆಗಳನ್ನು ತಲೆ ಬಗ್ಗಿಸಿ ಕೂಡಿಸುತ್ತಿದ್ದಳು.

ಎದುರು ಮನೆಯ ತಿಪ್ಪವ್ವ ಹೋಳಿಗೆ ಬೇಯಿಸುತ್ತಾ ಹೊರಗೆ ನೋಡಿದಳು. ಕಾಶವ್ವನ ಮನೆ ಮೇಲೆ ಹೊಗೆ ಇಲ್ಲ. ಬೇರೆ ದಿನ ಹೊಗೆ ಇಲ್ಲದ್ದು ಅವಳಿಗೆ ರೂಢಿಯಾಗಿತ್ತು, ಆದರೆ ಅಮಾವಾಸ್ಯೆ ದಿನ ಒಲೆ ಹೊತ್ತಿಸದ ಮನೆ ಎಂಥದು? ಸತ್ತ ಮನೆಯಲ್ಲಿ ತಾನೇ ಒಲೆ ಹೊತ್ತಿಸುವುದಿಲ್ಲ? ಅವಳು ಹೋಳಿಗೆ ಅಲ್ಲೇ ಬಿಟ್ಟು ಓಣಿ ದಾಟಿ ಓಡಿಬಂದಳು. ಕಿಟಕಿಯಲ್ಲಿ ಇಣುಕಿ ನೋಡಿದರೆ ಒಳಗೆ ಬಿಳಿ ಬಟ್ಟೆ ಹೊದ್ದ ಆಕೃತಿ, ಇತ್ತ ಸೊಸೆ ಮಾತಿಲ್ಲದೆ ತಲೆ ತಗ್ಗಿಸಿ ಕೂತಿದ್ದಾಳೆ. ಇನ್ನೇನು ಬೇಕು. ಓಣಿ ತುಂಬ ಸುದ್ದಿ ಹೋಯಿತು. ಸತ್ತ ಮನೆಗೆ ಊಟ ಒಯ್ಯಬೇಕಲ್ಲ, ಹೆಂಗಸರು ತಮ್ಮ ತಮ್ಮ ಹೋಳಿಗೆ ಮುಚ್ಚಿಟ್ಟು, ಗಡಿಬಿಡಿಯಲ್ಲಿ ಕಡಲೆಹಿಟ್ಟಿನ ಜುಣಕ ಕಲಸಿ, ರೊಟ್ಟಿ ಬಡಿದು, ಬುಟ್ಟಿ ಹೊತ್ತುಕೊಂಡು, ಸೆರಗು ಬಾಯಿಗಿಟ್ಟುಕೊಂಡು ಬಂದರಂತೆ.

ಮನೆಮುಂದಿನ ಕಟ್ಟೆಯ ಮೇಲೆ ಅಳುವ ಸದ್ದು ಕೇಳಿ ಹೊನ್ನವ್ವ ಎದ್ದು ಬಂದಳು. ಯಾರು ಹೋದರು ಅಂತ ಕೇಳಿದಳು. ಪಾಪ, ಹುಡುಗಿಗೆ ಬುದ್ಧಿ ಭ್ರಮಣೆ ಆಗಿದೆ ಅಂತ ಅವರು ಅವಳನ್ನೇ ತಬ್ಬಿಕೊಂಡು ಇನ್ನೂ ಜೋರಾಗಿ ಅತ್ತರು. ಬಾಯಿ ತೆರೆಯಲಿಕ್ಕೆ ಬಿಡಲೇ ಇಲ್ಲ. ತಿಪ್ಪವ್ವ ನಡುವೆ ಕೂತು ಹಾಡಿಕೊಂಡು ಅಳಲಿಕ್ಕೆ ಶುರುಮಾಡಿದಳು. ಸತ್ತವರ ಗುಣ ಹೇಳಿ ಅಳುವುದು ಆ ಸೀಮೆಯ ಪದ್ಧತಿ, ತಿಪ್ಪವ್ವ ಅದರಲ್ಲಿ ಗಟ್ಟಿಗಿತ್ತಿ.

"ಒಲಿ ಮುಂದ ಕುಂತಾಕಿ ಏಳಲೇ ಇಲ್ಲಲ್ಲ ನನ ಕಾಶವ್ವಾ, ಸೊಸಿ ಬಂದರೂ ಒಲಿ ಬಿಡಲಿಲ್ಲಲ್ಲ ನನ ಕಾಶವ್ವಾ, ಹೊಳಿ ದಂಡ್ಯಾಗ ತವರಿದ್ರೂ ಹಾದಿ ಹಿಡೀಲಿಲ್ಲಲ್ಲ ನನ ಕಾಶವ್ವಾ."

ಅಷ್ಟು ಹಾಡಿ ತಿಪ್ಪವ್ವ ನಿಂತುಬಿಟ್ಟಳು. ಪಕ್ಕದವಳ ಕಡೆ ವಾಲಿ, ಮೆಲ್ಲಗೆ, ಮತ್ತೇನರೆ ಹೇಳವಾ, ನನಗ ಹೊಳೀವಲ್ದು ಅಂದಳು. ಪಕ್ಕದವಳು ಯೋಚನೆ ಮಾಡಿದಳು, ಅವಳ ಪಕ್ಕದವಳೂ ಯೋಚನೆ ಮಾಡಿದಳು. ಸಾರಿಗೆ ಉಪ್ಪು ಬರಾಬರಿ ಹಾಕತಿದ್ಲು ನೋಡು ಅಂತ ಒಬ್ಬಳು ಅಂದಳು. ತಿಪ್ಪವ್ವ ಕಣ್ಣೊರೆಸಿಕೊಂಡು, ಉಪ್ಪಿನ ಕೈ ಎಲ್ಲಿ ಹೋತ ನನ ಕಾಶವ್ವಾ ಅಂತ ಮತ್ತೆ ಎತ್ತಿಕೊಂಡಳು.

ಹೊನ್ನವ್ವ ತಿರುಗಿ ನೋಡಿದಳು. ಒಳಬಾಗಿಲಲ್ಲಿ ಅತ್ತೆ ಗೋಡೆ ಹಿಡಿದು ನಿಂತಿದ್ದಾಳೆ. ಬೈಯಲಿಕ್ಕೆ ಅಂತ ಬಾಯಿ ತೆರೆದವಳು ಹಾಗೇ ನಿಂತಿದ್ದಾಳೆ. ಎಲ್ಲ ಕೇಳಿಸಿಕೊಂಡಿದ್ದಾಳೆ. ಇನ್ನೊಂದು ಗುಣ ಏನಾದರೂ ಹೇಳುತ್ತಾರೇನೋ ಅಂತ ಸ್ವಲ್ಪ ಹೊತ್ತು ಕಾದಳಂತೆ. ಯಾರೂ ಹೇಳಲಿಲ್ಲ.

ಆಮೇಲೆ ಕುಂಟುತ್ತಾ ಹೊರಗೆ ಬಂದು, ಹೆಂಗಸರ ನಡುವೆ ಕೂತು, ಅಳೂದು ಮುಗೀತೇನು, ನನಗ ಹಸಿವ್ಯಾಗೇದ, ಜುಣಕ ಇತ್ತ ಸರಸ್ರಿ ಅಂದಳು. ಒಬ್ಬಳು ಬುಟ್ಟಿ ಬಿಟ್ಟು ಎದ್ದು ಓಡಿದಳು. ತಿಪ್ಪವ್ವ ಕಾಶವ್ವನ ಕೈ ಮುಟ್ಟಿ ನೋಡಿ, ಬೆಚ್ಚಗಿದೆ ಅಂತ ಗೊತ್ತಾದ ಮೇಲೆ ಹೊನ್ನವ್ವನ ಮೇಲೆ ತಿರುಗಿದಳು. ಅಮಾಸಿ ದಿನ ಹೊಗಿ ಆಡದಿದ್ದರ ಮಂದಿ ಏನಂತ ತಿಳ್ಕೋಬೇಕು, ಇಂಥಾ ಸಂಸಾರ ನಾವು ಎಲ್ಲೂ ಕಂಡಿಲ್ಲ ಅಂತ ಎಲ್ಲರೂ ಒಂದೇ ಸಮನೆ ಆಡಿದರು.

ಮೂರನೇ ಮಾತು ತಪ್ಪಿಹೋಯಿತು, ಅದೂ ಕೊನೆಯ ದಿನ, ಅದೂ ಇಡೀ ಓಣಿಯ ಬಾಯಲ್ಲಿ. ಹೊನ್ನವ್ವ ಒಳಗೆ ಹೋಗಿ, ಅರ್ಧ ನೇಯ್ದ ಸೀರೆಯ ಮೇಲೆ ಬಟ್ಟೆ ಮುಚ್ಚಿ, ಲಾಳಿ ತೆಗೆದು ಗೋಡೆಯ ಗೂಡಿನಲ್ಲಿಟ್ಟಳು. ಆಮೇಲೆ ಹಿತ್ತಲಿಗೆ ಹೋಗಿ ಕುಳ್ಳು ತಂದು ಒಲೆಗೆ ಇಡಲು ಹೋದಳು.

"ಯಾರಿಗೆ ಒಲಿ ಹೂಡ್ತಿ?" ಅಂತ ಕಾಶವ್ವ ಹೊರಗಿನಿಂದಲೇ ಕೇಳಿದಳು.

ಮಂದಿ ಆಡಿದರಲ್ಲ ಅತ್ತೀ, ಮಾತು ತಪ್ಪಿತಲ್ಲ ಅಂದಳು ಹೊನ್ನವ್ವ.

"ಅವರು ಮನಿ ಬಗ್ಗೆ ಆಡ್ಲಿಲ್ಲ, ನನ್ನ ಬಗ್ಗೆ ಆಡಿದ್ರು. ಆಡಿದ್ದು ಖರೇನ ಐತಿ. ನಾ ನಾಳೆ ಸತ್ತರೂ ಇವರಿಗೆ ಉಪ್ಪು ಬಿಟ್ಟು ಹೇಳಾಕ ಏನೂ ಇಲ್ಲ. ನಿನಗರೆ ಒಂದು ಸೀರಿ ಇರಲಿ. ಹೋಗು, ಲಾಳಿ ತಕ್ಕೋ."

ಹೊನ್ನವ್ವ ಕುಳ್ಳು ಅಲ್ಲೇ ಬಿಟ್ಟು ಗೂಡಿನಿಂದ ಲಾಳಿ ತೆಗೆದುಕೊಂಡಳು. ಸತ್ತ ಮನೆಗೆ ಅಂತ ತಂದ ಊಟ ವಾಪಸ್ ಒಯ್ಯುವಂತಿಲ್ಲ, ಓಣಿಯ ಹೆಂಗಸರು ಅಲ್ಲೇ ಹಂಚಿಕೊಂಡು ತಿಂದರು, ಹೊನ್ನವ್ವ ನಿನ್ನೆಯ ಹೋಳಿಗೆ ತಂದು ಬಡಿಸಿದಳು. ಅಷ್ಟರಲ್ಲಿ ಗಂಡುಮಕ್ಕಳು ನೂಲಿನ ಗಂಟು ಹೊತ್ತು ಬಂದರು. ಮನೆ ತುಂಬ ಜನ, ಸತ್ತ ಮನೆಯ ಅಡುಗೆ. ಗುರುಪಾದ ಗಾಬರಿಯಾಗಿ, ಯಾರು ಸತ್ರು ಅಂದನು. ನಾನ, ಕೈ ತೊಳಕೊಂಡು ಕುಂಡ್ರು ಅಂದಳಂತೆ ಕಾಶವ್ವ.

ತಿಪ್ಪವ್ವನಿಗೆ ಹಿಂದಿನ ದಿನದ ಹೋಳಿಗೆ ಹಿಡಿಸಿತು. ಅವತ್ತು ಮಧ್ಯಾಹ್ನ ಪಾತ್ರೆ ತಿಕ್ಕುವ ಕೆಲಸವಿಲ್ಲದೆ ಎಲ್ಲರೂ ಸುಮ್ಮನೆ ಕೂತು ಮಾತಾಡಿದ್ದೂ ಹಿಡಿಸಿತು. ಮುಂದಿನ ಸೋಮವಾರ ಅವಳೇ ಹಿಟ್ಟಿನ ಬುಟ್ಟಿ ಹೊತ್ತುಕೊಂಡು ಬಂದಳು, ನಾನೂ ಇಲ್ಲೇ ಬಡೀತೀನಿ, ಹೆಂಗೂ ಹೆಂಚು ಕಾದೇದಲ್ಲ ಅಂದಳು. ಆಮೇಲೆ ಇನ್ನೊಬ್ಬಳು, ಆಮೇಲೆ ಇನ್ನೂ ಇಬ್ಬರು. ಒಬ್ಬಳು ಕಲಸಲಿಕ್ಕೆ, ಒಬ್ಬಳು ಬಡಿಯಲಿಕ್ಕೆ, ಒಬ್ಬಳು ಬೇಯಿಸಲಿಕ್ಕೆ. ಒಂದು ಸೋಮವಾರ ಇವರ ಅಂಗಳ, ಇನ್ನೊಂದು ಸೋಮವಾರ ಅವರ ಅಂಗಳ. ಹೊಗೆ ಇಲ್ಲದ ಮನೆ ಕಂಡರೆ ಕಟ್ಟೆಯಲ್ಲಿ ಕೂತು ಅಳಬೇಡಿ, ಒಳಗೆ ಬಂದು ಮುಟ್ಟಿ ನೋಡಿ ಅಂತ ಕಾಶವ್ವ ಎಲ್ಲರಿಗೂ ತಾಕೀತು ಮಾಡಿದಳಂತೆ.

ಮಳೆಗಾಲ ಹಿಡಿಯುವ ಮೊದಲು ಹೊನ್ನವ್ವನ ಸೀರೆ ಮಗ್ಗದಿಂದ ಇಳಿಯಿತು. ಕೆಂಪು ಸೆರಗಿನ ಮೇಲೆ ಬಿಳಿ ಕುಸುರಿ. ಸೀರೆ ಮಾರಿದ ದುಡ್ಡಿನಲ್ಲಿ ಒಂದು ಪಾಲು ವರ್ಷದ ಜೋಳಕ್ಕೆ, ಒಂದು ಪಾಲು ಮುಂದಿನ ಸೀರೆಯ ನೂಲಿಗೆ. ಉಳಿದ ಪಾಲನ್ನು ಅವಳು ಅತ್ತೆಯ ಕೈಗೆ ಕೊಟ್ಟು, ಬಂಡಿ ಬಾಡಿಗೆಗೆ ಇರಲಿ ಅಂದಳು. ಎಲ್ಲಿಗೆ ಬಂಡಿ ಅಂತ ಕಾಶವ್ವ ಕೇಳಲಿಲ್ಲ.

ಒಂದು ಗಂಟು ರೊಟ್ಟಿ, ಒಂದು ಸಣ್ಣ ಭರಣಿ ಹಿಂಡಿ ಕಟ್ಟಿಕೊಂಡು ಕಾಶವ್ವ ಹೊಳೆ ದಂಡೆಯ ಊರಿಗೆ ಹೋದಳು. ಮದುವೆಯಾಗಿ ಬಿಟ್ಟ ಊರು. ದಾರಿ ಬಂಡಿಯವನಿಗೆ ಗೊತ್ತಿತ್ತು, ಅವಳಿಗೆ ಮರೆತಿತ್ತಂತೆ. ಅಲ್ಲಿ ಅವಳ ತಂಗಿ ಇದ್ದಳು, ಅವಳ ತಲೆಯೂ ಬೆಳ್ಳಗಾಗಿತ್ತು. ಅಕ್ಕ ಬಂಡಿಯಿಂದ ಇಳಿದದ್ದು ನೋಡಿ, ಗುರುತು ಹಿಡಿದು, ಅಳು ನಗು ಎರಡೂ ಬಂದು, ಏನೂ ತೋಚದೆ ಮೊದಲು ಒಲೆ ಹೊತ್ತಿಸಲಿಕ್ಕೆ ಒಳಗೆ ಓಡಿದಳಂತೆ. ಕಾಶವ್ವ ಅವಳ ಕೈ ಹಿಡಿದು ನಿಲ್ಲಿಸಿ, ರೊಟ್ಟಿ ತಂದೀನಿ, ಕುಂಡ್ರು ಅಂದಳು.

ಇಬ್ಬರೂ ಅಂಗಳದಲ್ಲೇ ಕೂತರು. ಹೊತ್ತು ಮುಳುಗುವವರೆಗೂ ಕೂತು ಮಾತಾಡಿದರು. ಇತ್ತ ಹೊನ್ನವ್ವ ಎರಡನೇ ಸೀರೆಗೆ ಹಾಸು ಹೂಡಿದಳು. ಅವರೆಲ್ಲ ಅಲ್ಲಿ ಸುಖವಾಗಿದ್ದರು, ಕತೆ ಇಲ್ಲಿಗೆ ಮುಗೀತು, ಹೊದಿಕೆ ಸರಿಮಾಡಿಕೊಂಡು ಮಲಗು.