ಹಳೆಯ ಕಂಪ್ಯೂಟರಿನ ಬಿಳಿ ಹಾಳೆ

"ಅಮ್ಮ, ಪುಕ್ಕಟೆಯಾಗಿ ಸಿಗುವ ವಿದ್ಯೆ ಎಲ್ಲಾದರೂ ಇದೆಯೇ?" ಎಂದು ಶಿಷ್ಯೆ ಕೇಳಿದಳು.

ಗುರುಮಾತೆ ಒಂದು ಕತೆ ಹೇಳಿದರು.

"ನಿಮ್ಮ ಕೈಲಾಗದು" ಎಂದವನು ಒಬ್ಬ ಕಂಪ್ಯೂಟರ್ ವ್ಯಾಪಾರಿ. ಹೇಳಿಸಿಕೊಂಡವಳು ಒಬ್ಬ ಶಿಕ್ಷಕಿ. ಅವಳ ಹಳ್ಳಿಶಾಲೆಗೆ ಪೇಟೆಯ ಕಚೇರಿಯೊಂದು ತಾನು ಬಳಸಿ ಬಿಟ್ಟ ಕಂಪ್ಯೂಟರುಗಳನ್ನು ಕೊಟ್ಟಿತ್ತು. ಅವುಗಳಲ್ಲೇ ಮಕ್ಕಳಿಗೆ ವೆಬ್ ಪುಟ ಮಾಡುವುದನ್ನು ಕಲಿಸುತ್ತೇನೆಂದು ಅವಳು ಹಟ ಹಿಡಿದಿದ್ದಳು. ಮುಖ್ಯೋಪಾಧ್ಯಾಯರು, "ಬೇಸಿಗೆ ರಜೆ ಬರುವುದರೊಳಗೆ ಒಂದು ಪುಟವಾದರೂ ಆಗಲಿ. ಇಲ್ಲವಾದರೆ ಇವನ್ನು ಗುಜರಿಗೆ ಕೊಟ್ಟು, ಕೋಣೆಯಲ್ಲಿ ಬಿಸಿಯೂಟದ ಅಕ್ಕಿ ಮೂಟೆ ಇಡೋಣ" ಎಂದಿದ್ದರು.

"ಮೇಡಂ, ಈಗಿನ ತಂತ್ರಾಂಶವನ್ನು ಇವು ಎಳೆಯುವುದಿಲ್ಲ" ಎಂದ ವ್ಯಾಪಾರಿ. "ಆಯುಧಪೂಜೆಗೆ ಕುಂಕುಮ ಹಚ್ಚಿ ಹೂವಿಡಿ. ಅಷ್ಟಕ್ಕೆ ಸರಿಹೋಗುತ್ತವೆ."

"ಪೂಜೆಗೆ ನಿಮ್ಮನ್ನೂ ಕರೆಯುತ್ತೇನೆ. ಇವು ಓಡುವುದನ್ನು ನೋಡಿಕೊಂಡು ಹೋಗುವಿರಂತೆ" ಎಂದು ಅವಳು ಎದ್ದು ಬಂದಳು.

ವೆಬ್ ಪುಟ ಬರೆಯಲು ಪುಕ್ಕಟೆ ಸಿಗುವ ತಂತ್ರಾಂಶಗಳನ್ನೆಲ್ಲ ಹುಡುಕಿದಳು. ಮೊದಲು ತಂದದ್ದು ಬಲು ಜಾಣ ತಂತ್ರಾಂಶ. ಎರಡಕ್ಷರ ಒತ್ತಿದರೆ ಮಿಕ್ಕಿದ್ದನ್ನು ತಾನೇ ಬರೆಯುವಂಥದು. ಅದು ತೆರೆದುಕೊಳ್ಳುವ ಮೊದಲೇ ಯಂತ್ರ ನಿಂತುಹೋಯಿತು. ಇನ್ನೊಂದು, ಇದಕ್ಕಿಂತ ಹೊಸ ಯಂತ್ರ ಬೇಕೆಂದಿತು. ಮತ್ತೊಂದು ತೆರೆಯಿತು, ಆದರೆ ಒತ್ತಿದ ಅಕ್ಷರ ಮೂಡುವಷ್ಟರಲ್ಲಿ ಮಕ್ಕಳು ಆಕಳಿಸುತ್ತಿದ್ದರು. ಕಡೆಗೆ ಎಲ್ಲಕ್ಕಿಂತ ಹಗುರವಾದದ್ದು ಸಿಕ್ಕಿತು. ಒತ್ತಿದ ಕೂಡಲೇ ತೆರೆಯಿತು. ಒಳಗೆ ಒಂದು ಬಿಳಿ ಹಾಳೆ, ಮಿಣುಕುವ ಒಂದು ಗೆರೆ. ಬೇರೇನೂ ಇಲ್ಲ.

ಆ ಶಾಲೆಯಲ್ಲಿ ಕಂಪ್ಯೂಟರನ್ನು ಟೀಚರ್ ಮಾತ್ರ ಮುಟ್ಟುವುದು ಪದ್ಧತಿ. ಮಕ್ಕಳು ಚಪ್ಪಲಿ ಹೊರಗೆ ಬಿಟ್ಟು, ಕೈಕಟ್ಟಿ ಸುತ್ತ ನಿಂತು ನೋಡಬೇಕು. ಅಂದೂ ಹಾಗೆಯೇ ನಿಂತರು. ಅವಳು ಕೀಲಿಗಳ ಮೇಲೆ ಬೆರಳಿಟ್ಟಳು. ಬೆರಳು ಸಾಗಲಿಲ್ಲ. ಏನು ಬರೆಯಬೇಕೆಂದು ಅವಳಿಗೆ ತಿಳಿದಿರಲಿಲ್ಲ. ಇಷ್ಟು ದಿನ ತಾನು ಹುಡುಕಿದ್ದು ಹಳೆಯ ಯಂತ್ರಕ್ಕೆ ಒಗ್ಗುವ ತಂತ್ರಾಂಶವನ್ನಲ್ಲ, ತನಗೆ ಬಾರದ್ದನ್ನು ತನ್ನ ಬದಲು ಬರೆದುಕೊಡುವ ತಂತ್ರಾಂಶವನ್ನು ಎಂದು ಆಗ ಹೊಳೆಯಿತು.

"ಟೀಚರ್, ಇದೂ ಹ್ಯಾಂಗ್ ಆಯ್ತಾ?" ಎಂದಳು ಒಬ್ಬ ಹುಡುಗಿ.

ಹೌದು ಎಂದಿದ್ದರೆ ಸಾಕಿತ್ತು. ಯಂತ್ರಗಳು ಗುಜರಿಗೆ ಹೋಗುತ್ತಿದ್ದವು, ಅವಳ ಮಾನ ಉಳಿಯುತ್ತಿತ್ತು. ಮಕ್ಕಳೆಲ್ಲ ಅವಳ ಮುಖವನ್ನೇ ನೋಡುತ್ತಿದ್ದರು.

"ಇಲ್ಲ ಕಣೇ. ಯಂತ್ರ ಸರಿಯಾಗಿದೆ. ನನಗೇ ಬರುವುದಿಲ್ಲ."

"ಅಯ್ಯೋ, ಅಷ್ಟೇನಾ? ಹಾಗಾದರೆ ಸ್ವಲ್ಪ ಪಕ್ಕಕ್ಕೆ ಸರಿಯಿರಿ ಟೀಚರ್, ಎಲ್ಲರೂ ಸೇರಿ ನೋಡೋಣ."

ಅವಳು ಸರಿದಳು. ಮಕ್ಕಳು ಕಟ್ಟಿದ ಕೈ ಬಿಚ್ಚಿದರು. ತಂತ್ರಾಂಶದ ಜೊತೆ ಒಂದು ಸಣ್ಣ ಪಾಠ ಬಂದಿತ್ತು. ಒಬ್ಬಳು ಓದಿದಳು, ಒಬ್ಬಳು ಒತ್ತಿದಳು, ಟೀಚರ್ ನಿಂತು ಕಲಿತಳು. ಮೊದಲ ದಿನ ಪುಟವೇನೂ ಮೂಡಲಿಲ್ಲ. ಮರುದಿನವೂ ಇಲ್ಲ. ರಜೆ ಹತ್ತಿರ ಬಂತು. ಮೂಟೆ ಇಡಲು ಜವಾನ ಕೋಣೆಯ ಅಳತೆ ತೆಗೆದುಕೊಂಡು ಹೋದ.

ಆಮೇಲೊಂದು ಮಧ್ಯಾಹ್ನ ಪರದೆ ಇಡೀ ಹಸಿರಾಯಿತು. ಹಸಿರಿನ ನಡುವೆ ಅವರ ಊರಿನ ಹೆಸರು ಎದ್ದು ನಿಂತಿತು. ಒಬ್ಬ ಹುಡುಗಿ ಮೆಲ್ಲಗೆ ಪರದೆಯನ್ನು ಮುಟ್ಟಿ, ತನ್ನ ಬೆರಳನ್ನು ನೋಡಿಕೊಂಡಳು. ಬರೆದದ್ದು ಕೆಲವೇ ಸಾಲು. ಲೋಕದ ಎಷ್ಟೋ ಪುಟಗಳ ಬುಡದಲ್ಲಿ ಇರುವುದೂ ಇಂಥದೇ ಸಾಲು ಎಂದು ಟೀಚರ್ ಪಾಠದಲ್ಲಿ ಓದಿದ್ದಳು. ನಂಬಿದ್ದು ಈಗ.

ಕತೆ ಮುಗಿಯಿತು. "ಹಾಗಾದರೆ ಅವಳಿಗೆ ಪುಕ್ಕಟೆಯಾಗಿಯೇ ಸಿಕ್ಕಿತಲ್ಲ, ಅಮ್ಮ?" ಎಂದಳು ಶಿಷ್ಯೆ.

"ಓಡುವ ಯಂತ್ರಗಳು ಇಂದು ಅವಳ ಶಾಲೆಯಲ್ಲಿವೆ, ವಿದ್ಯೆಯೂ ಬಂತು. ಆದರೆ ಅದಕ್ಕೆ ಎಲ್ಲ ಬಲ್ಲವಳು ಎಂಬ ಹೆಸರನ್ನೇ ಬೆಲೆಯಾಗಿ ತೆತ್ತಳು" ಎಂದರು ಗುರುಮಾತೆ.